ನಲವತ್ತೆರಡು ಕೆಜಿಯ ಲೆಕ್ಕ

“ನಲವತ್ತೆರಡು ಕೆಜಿ ಅಂತ ಬರ್ಕೋ” ಎಂದು ಸೊಸೆ ಹೇಳಿದ್ದು ಕೇಳಿಸಿತು. ಗೋಡೆಯ ಈಚೆ ಮಲಗಿದ್ದ ಪಟಾಲಮ್ಮ ಉಸಿರು ಬಿಗಿಹಿಡಿದಳು. ಅದು ಅವಳ ತೂಕ.

ಎರಡು ದಿನದ ಹಿಂದೆ ಆಸ್ಪತ್ರೆಯಿಂದ ಬಿಡುವಾಗ ನರ್ಸಮ್ಮ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ್ದಳು. ಸೊಸೆ ಮುನಿಲಕ್ಷ್ಮಮ್ಮ ಎರಡು ಸಲ ಬಗ್ಗಿ ಮುಳ್ಳು ನೋಡಿ, ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದಳು. ಯಾಕೆಂದು ಕೇಳಿದರೆ, “ಸುಮ್ನೆ ಅತ್ತೆ” ಎಂದಿದ್ದಳು.

“ಹತ್ತು ಕೆಜಿ ತೂಕಕ್ಕೆ ಐವತ್ತು ರೂಪಾಯಿ. ಹಾಗಾದ್ರೆ ನಲವತ್ತೆರಡಕ್ಕೆ?”

ಮೊಮ್ಮಗಳು ಸುಕನ್ಯಾಗೆ ಶಾಲೆಯಲ್ಲಿ ಆ ತಿಂಗಳೆಲ್ಲ ಅನುಪಾತ, ರಿಯಾಯಿತಿಯ ಲೆಕ್ಕಗಳೇ. ಪೆನ್ಸಿಲ್ ಗೀಚುವ ಸದ್ದಾಯಿತು. “ಇನ್ನೂರ ಹತ್ತು.”

“ಒಟ್ಟಿಗೆ ತಗೊಂಡ್ರೆ ನೂರಕ್ಕೆ ಹತ್ತು ಬಿಡ್ತಾನಂತೆ ಕಣೇ.”

“ಇಪ್ಪತ್ತೊಂದು ಕಳಿಬೇಕು. ನೂರ ಎಂಬತ್ತೊಂಬತ್ತು. ಅಮ್ಮಾ, ಈ ಲೆಕ್ಕ ಪುಸ್ತಕದಲ್ಲಿಲ್ವಲ್ಲ?”

“ಮೆಲ್ಲಗೆ ಮಾತಾಡೇ! ಅಜ್ಜಿಗೆ ಕೇಳ್ಸೀತು.”

ಪಟಾಲಮ್ಮ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಳು. ಎರಡು ವರ್ಷದ ಹಿಂದೆ ಗಂಡ ಹನುಮಯ್ಯ ತೀರಿಕೊಂಡಾಗ ಸುಂಕದಕಟ್ಟೆಯ ಮರಿಯಪ್ಪನ ಡಿಪೋದಿಂದ ಸೌದೆ ಬಂದಿತ್ತು. ನೂರ ಅರವತ್ತು ರೂಪಾಯಿ. ಆ ಮನುಷ್ಯ ಆನೆಯಂತಿದ್ದವರು. ಈ ಒಣಕಲು ಮೈಗೆ ನೂರ ಎಂಬತ್ತೊಂಬತ್ತು ಎಂದರೆ ಸೌದೆಯ ಬೆಲೆ ಎಷ್ಟು ಏರಿರಬೇಕು! ಮೈತೂಕಕ್ಕೆ ತಕ್ಕ ಸೌದೆ, ಸೌದೆಗೆ ತಕ್ಕ ದುಡ್ಡು. ಅದಕ್ಕೂ ಚೌಕಾಸಿ ಮುಗಿದಿದೆ.

ಡಾಕ್ಟರು ಮಗ ಚನ್ನಕೇಶವನನ್ನು ಬಾಗಿಲಾಚೆ ಕರೆದು ಮಾತಾಡಿದ್ದು ಈಗ ನೆನಪಾಯಿತು. ಅವನು ಒಳಗೆ ಬಂದಾಗ ಕಣ್ಣು ಒದ್ದೆಯಾಗಿತ್ತು. ಏನಂದರೋ ಎಂದರೆ, “ಏನಿಲ್ಲವ್ವ. ದೇವರು ದೊಡ್ಡೋನು” ಎಂದಿದ್ದ.

ಮರುದಿನ ಸಂಜೆ ಗೇಟಿನ ಹತ್ತಿರ ಮರಿಯಪ್ಪನ ದನಿಯೇ ಕೇಳಿಸಿತು. ಅತ್ತಿಗುಪ್ಪೆಯ ಈ ಬೀದಿಗೆ ಅವನು ಸುಮ್ಮನೆ ಬರುವವನಲ್ಲ. ಅಡುಗೆಗೆ ಸ್ಟವ್ ಬಂದ ಮೇಲೆ ಅವನಿಗೆ ಈ ಮನೆಯಲ್ಲಿ ಏನು ಕೆಲಸ?

“ಶನಿವಾರ ಹೊತ್ತು ಹುಟ್ಟೋಕ್ ಮುಂಚೆ ಗಾಡಿಲಿ ಕಳಿಸ್ತೀನಿ, ಕೇಶವಣ್ಣ. ನಮ್ಮ ತೂಕದಲ್ಲಿ ಮೋಸ ಇರಲ್ಲ.”

“ಲೇಟ್ ಮಾಡ್ಬೇಡ ಮಾರಾಯ. ಕೆಂಗೇರಿಯಿಂದ ಚಿಕ್ಕಮ್ಮನೂ ಬರ್ತಾಳೆ.”

ಶನಿವಾರ! ದಿನವನ್ನೂ ಗೊತ್ತುಮಾಡಿದ್ದಾರೆ. ಡಾಕ್ಟರು ಅಷ್ಟು ಖಂಡಿತವಾಗಿ ಹೇಳಿರಬೇಕು.

ಪಟಾಲಮ್ಮ ದೇವರ ಪಟದ ಮುಂದೆ ಕುಳಿತಳು. ಗಂಡ ಹೋದ ದಿನ, “ನನ್ನನ್ನೂ ಕರ್ಕೊಂಡ್ಬಿಡಪ್ಪ” ಎಂದು ಆಂಜನೇಯನ ಮುಂದೆ ಹಣೆ ಚಚ್ಚಿಕೊಂಡು ಅತ್ತವಳು ಅವಳೇ. ಸ್ವಾಮಿ ಆ ಮಾತನ್ನು ಈಗ ನೆನಪು ಮಾಡಿಕೊಂಡನೇ? “ಅವತ್ತು ಸಂಕಟಕ್ಕೆ ಅಂದಿದ್ದು ತಂದೆ,” ಎಂದು ಪಿಸುಗುಟ್ಟಿದಳು. “ಈ ಮಗು ಮೈನೆರೆದು ಸೀರೆ ಉಡೋದನ್ನ ನೋಡ್ಕೊಂಡು ಬರ್ತೀನಿ. ಅಲ್ಲೀಗಂಟ ಬಿಡು.” ಇಷ್ಟು ವಯಸ್ಸಾದರೂ ಸಾವಿಗೆ ಹೆದರುತ್ತಿದ್ದೇನಲ್ಲ ಎಂದು ಅವಳಿಗೇ ನಾಚಿಕೆಯಾಯಿತು. ಆದರೂ ಹೆದರಿಕೆ ಬಿಡಲಿಲ್ಲ.

ಅಂದಿನಿಂದ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಸೊಸೆ ತಟ್ಟೆಗೆ ಮುದ್ದೆ ಇಟ್ಟು ಒಳಗೆ ಹೋದರೆ ಸಾಕು, ಪಟಾಲಮ್ಮ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಿಲ ಹಸುವಿಗೆ ಹಾಕಿ ಬರುತ್ತಿದ್ದಳು. ಹಸು ಇವಳನ್ನು ಕಂಡರೆ ಕುತ್ತಿಗೆ ಚಾಚುವುದನ್ನು ಕಲಿಯಿತು.

ಗುರುವಾರ ಮೊಮ್ಮಗಳ ತಲೆ ಬಾಚುತ್ತ ಮೆಲ್ಲನೆ ಕೇಳಿದಳು. “ನಿಮ್ಮಮ್ಮ ಯಾವ್ದೋ ಲೆಕ್ಕ ಮಾಡಿಸಿದ್ಳಲ್ಲ, ಏನೇ ಅದು?”

“ಹೇಳ್ಬಾರ್ದು ಅಜ್ಜಿ. ಆಣೆ ಹಾಕಿಸ್ಕೊಂಡಿದಾಳೆ.” ಹುಡುಗಿ ತಿರುಗಿ ಅಜ್ಜಿಯ ರಟ್ಟೆ ಹಿಡಿದು ನೋಡಿದಳು. “ನೀನು ಶನಿವಾರದ ತನಕ ಹೀಗೇ ಇರ್ಬೇಕು, ಆಯ್ತಾ? ಇಲ್ದಿದ್ರೆ ನನ್ನ ಲೆಕ್ಕ ತಪ್ಪೋಗತ್ತೆ.”

ಪಟಾಲಮ್ಮ ಜಡೆಯನ್ನು ಅರ್ಧಕ್ಕೇ ಗಂಟು ಹಾಕಿ ಎದ್ದಳು.

ಶನಿವಾರ ಕತ್ತಲಿರುವಾಗಲೇ ಸೊಸೆ ಎಬ್ಬಿಸಿದಳು. ತಲೆಗೆ ನೀರು ಹಾಕಿದಳು. ಪೆಟ್ಟಿಗೆಯಿಂದ ಮಡಿಕೆ ಮುರಿಯದ ಹೊಸ ಸೀರೆ ತೆಗೆದು ಉಡಿಸಿದಳು. ಎಲ್ಲಿಗೆ ಎಂದು ಪಟಾಲಮ್ಮ ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾರು ಎಂಬ ಭಯ.

ಆಟೋ ಊರಾಚೆಯ ದಾರಿ ಹಿಡಿಯಿತು. ಹನುಮಯ್ಯನನ್ನು ಹೊತ್ತುಕೊಂಡು ಹೋದದ್ದೂ ಇದೇ ದಾರಿ. ಅವಳು ಕಣ್ಣು ಮುಚ್ಚಿ ರಾಮನಾಮ ಹಿಡಿದಳು. ಆಟೋ ನಿಂತಾಗ ಒಂದು ಗಳಿಗೆ ಕಣ್ಣು ತೆರೆದರೆ, ಮೊದಲು ಕಂಡದ್ದು ಮರಿಯಪ್ಪ. ತಲೆಗೆ ಟವೆಲ್ ಸುತ್ತಿದ್ದ. ಪಕ್ಕದಲ್ಲೇ ಡಿಪೋದ ಗಾಡಿ.

“ಇನ್ನೂ ಉಸಿರಿದೆಯಲ್ಲೋ ಕೇಶವಾ!” ಎಂದು ಮಗನ ತೋಳು ಹಿಡಿದು ಚೀರಿದಳು.

“ಕಾಲು ನಡುಗ್ತಾ ಇದೆಯಲ್ಲವ್ವ, ಹಿಡ್ಕೋ ನನ್ನ” ಎಂದು ಮಗ ಅವಳನ್ನು ಮಗುವಿನಂತೆ ಎತ್ತಿಕೊಂಡ. ನಾಲ್ಕು ಹೆಜ್ಜೆ ನಡೆದು ಹಲಗೆಯ ಮೇಲೆ ಕೂರಿಸಿದ. ಹಲಗೆ ಅಲುಗಾಡಿತು. ಮುಖದ ಹತ್ತಿರ ಸೇವಂತಿಗೆಯ ವಾಸನೆ. ಎಲ್ಲ ಮುಗಿಯಿತು ಎಂದುಕೊಂಡಳು ಪಟಾಲಮ್ಮ.

ಗಂಟೆ ಮೊಳಗಿತು. ಕಣ್ಣು ಬಿಟ್ಟಳು. ಎದುರಿಗೆ ಗರ್ಭಗುಡಿಯಲ್ಲಿ ಆಂಜನೇಯ. ತಲೆಯ ಮೇಲೆ ಹೂ ಸುತ್ತಿದ ಡಿಪೋದ ದೊಡ್ಡ ತಕ್ಕಡಿ. ಒಂದು ಹಲಗೆಯಲ್ಲಿ ಅವಳು, ಇನ್ನೊಂದರಲ್ಲಿ ಬೆಲ್ಲದ ಅಚ್ಚುಗಳ ರಾಶಿ.

“ನೀವು ಹುಷಾರಾಗಿ ಮನೆಗೆ ಬಂದ್ರೆ ನಿಮ್ಮ ತೂಕದ ಬೆಲ್ಲ ಕೊಡ್ತೀನಿ ಅಂತ ಸ್ವಾಮಿಗೆ ಹರಕೆ ಹೊತ್ತಿದ್ದೆ ಅತ್ತೆ,” ಎಂದಳು ಮುನಿಲಕ್ಷ್ಮಮ್ಮ. “ತೀರೋ ತನಕ ಬಾಯಿ ಬಿಡಬಾರದಲ್ಲ. ಇನ್ನು ಯಾವ ಭಯನೂ ಇಲ್ಲ ಅಂತ ಡಾಕ್ಟ್ರೂ ಅಂದ್ರು.”

ಆ ಮಾತು ಮುಗಿಯುವುದರೊಳಗೆ ಮರಿಯಪ್ಪ ಹಿಡಿದಿದ್ದ ತಕ್ಕಡಿಯನ್ನು ಬಿಟ್ಟ. ಬೆಲ್ಲದ ಹಲಗೆ ದೊಪ್ಪನೆ ನೆಲಕ್ಕೆ ಕುಳಿತು, ಪಟಾಲಮ್ಮ ಸರ್ರನೆ ಮೇಲೇರಿದಳು. ಅರ್ಚಕರು ಬಾಯಿ ತೆರೆದು ನಿಂತರು.

“ಏನೇ ಇದು, ಲೆಕ್ಕ ತಪ್ಪು ಮಾಡಿದ್ಯಾ?” ಎಂದು ಸೊಸೆ ಮಗಳ ಮೇಲೆ ರೇಗಿದಳು.

ಸುಕನ್ಯಾ ಗಾಳಿಯಲ್ಲಿ ತೂಗುತ್ತಿದ್ದ ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿದಳು. “ನನ್ನ ಲೆಕ್ಕ ಸರಿಯಾಗೇ ಇದೆ ಕಣಮ್ಮ. ಅಜ್ಜಿನೇ ತಪ್ಪಾಗಿದಾಳೆ.”