ಮೀನಿನ ತೊಟ್ಟಿಯ ಬೆಳಕು

ಮೀನಿನ ತೊಟ್ಟಿಯ ಲೈಟಿನ ಗುಂಡಿಯನ್ನು ಎಂಟರಿಂದ ನಾಲ್ಕಕ್ಕೆ ಇಳಿಸುತ್ತಿದ್ದಾಗಲೇ ಜಯಲಕ್ಷ್ಮಮ್ಮ ಅಳಿಯನ ಕೈಗೆ ಸಿಕ್ಕಿಬಿದ್ದರು. ಸಂಜೀವ ಅಂದು ಕಾರ್ಖಾನೆಯಿಂದ ಬೇಗ ಬಂದಿದ್ದ.

"ದಿನಾ ಇಳಿಸ್ತಿರೋದು ನೀವಾ ಅತ್ತೆ?"

ಅವನ ದನಿಯಲ್ಲಿ ಕೋಪವಿರಲಿಲ್ಲ. ಎರಡು ವಾರದಿಂದ ಲೈಟಿನ ಗುಂಡಿಯೇ ಕೆಟ್ಟಿದೆ ಎಂದುಕೊಂಡಿದ್ದನಂತೆ. ಪೆರಂಬೂರಿನ ಮಗಳ ಮನೆಗೆ ಬಂದು ಮೂರು ತಿಂಗಳಾಗಿದ್ದರೂ ಜಯಲಕ್ಷ್ಮಮ್ಮ ಅಳಿಯನೊಡನೆ ಊಟ, ಕಾಫಿಯ ಮಾತು ಬಿಟ್ಟು ಬೇರೆ ಆಡಿದವರಲ್ಲ. ಈಗ ಹೇಳಲೇಬೇಕಾಯಿತು. ಮಧ್ಯಾಹ್ನವೆಲ್ಲ ತೊಟ್ಟಿಯ ಮುಂದೆ ಕೂತಿರುವವರು ಅವರೊಬ್ಬರೇ. ಬೆಳಕು ಜೋರಾಯಿತೆಂದರೆ ಎರಡು ಏಂಜೆಲ್ ಮೀನೂ ಮರದ ಬೇರಿನ ಹಿಂದೆ ಸೇರಿಕೊಳ್ಳುತ್ತಿದ್ದವು, ತಿಂಡಿಗೂ ಬರುತ್ತಿರಲಿಲ್ಲ. ಗಾಜಿಗೆ ಪಾಚಿ ಹತ್ತುತ್ತಿರುವುದೂ ಬೆಳಕು ಹೆಚ್ಚಾಗಿಯೇ ಎಂದು, ಗಿಡ ತಂದುಕೊಡಲು ಬಂದಿದ್ದ ಕೊಳತ್ತೂರಿನ ಮೀನಿನಂಗಡಿಯವನು ಹೇಳಿ ಹೋಗಿದ್ದ.

"ಜೋರಾ? ನನಗೆ ಮಂಕಾಗೇ ಕಾಣತ್ತಲ್ಲ," ಎಂದು ಸಂಜೀವ ಗುಂಡಿಯನ್ನು ಕೊನೆಯ ತನಕ ತಿರುಗಿಸಿದ. ಆ ವರ್ಷ ಅವನು ಅದಾಗಲೇ ಎರಡು ಸಲ ಲೈಟು ಬದಲಿಸಿದ್ದ. ಗಾಜಿಗೆ ಮುಖ ಹತ್ತಿರ ತಂದು, ಕತ್ತನ್ನು ಆಚೆ ಈಚೆ ಹೊರಳಿಸುತ್ತ ಮೀನು ಹುಡುಕಿದ. ಎರಡೂ ಮೀನು ಅವನ ಎಡಗೈಯ ಪಕ್ಕದಲ್ಲೇ, ಮೂಲೆಯಲ್ಲಿ ನಿಂತಿದ್ದವು.

ಜಯಲಕ್ಷ್ಮಮ್ಮ ಅದನ್ನು ಗಮನಿಸಿದರು. ಅವನು ಮಣೆ ಎಡವುವುದು, ಲೋಟವನ್ನು ಮೇಜಿನ ಅಂಚಿಗಿಟ್ಟು ಬೀಳಿಸುವುದು, ಇದನ್ನೆಲ್ಲ ಮಗಳು ಶ್ರೀಪ್ರಿಯಾ ಮರೆವೆಂದು ನಕ್ಕುಬಿಡುತ್ತಿದ್ದಳು. ಅವಳು ಬ್ಯಾಂಕಿನಿಂದ ಬರಲು ಇನ್ನೂ ಒಂದು ಗಂಟೆಯಿತ್ತು. ಒಳಗೆ ಹೋಗಿ ಕಾಫಿ ಬೆರೆಸಿ ತಂದವರು ಲೋಟವನ್ನು ಮೇಜಿನ ಮೇಲಿಡದೆ ಅವನ ಕೈಗೇ ಕೊಟ್ಟರು.

"ಕಣ್ಣು ಕಾಣಿಸ್ತಿಲ್ಲ ಅಂತ ಪ್ರಿಯಾಗೆ ಯಾಕೆ ಹೇಳಿಲ್ಲ?"

ಸಂಜೀವ ಲೋಟ ಹಿಡಿದುಕೊಂಡು ಕುರ್ಚಿಯಲ್ಲಿ ಕೂತ. ಆಮೇಲೆ ಒಂದೊಂದಾಗಿ ಹೇಳಿದ. ಪೊಂಗಲ್ ಹಬ್ಬದ ಹೊತ್ತಿನಿಂದ ನೋಟದ ಸುತ್ತಲೂ ಹೊಗೆ ಕವಿದ ಹಾಗಿತ್ತು. ಕಾರ್ಖಾನೆಯಲ್ಲಿ ರೈಲು ಬೋಗಿಗಳ ಬೆಸುಗೆ ಪರೀಕ್ಷಿಸುವುದು ಅವನ ಕೆಲಸ. ಗೊತ್ತಾದರೆ ಅದರಿಂದ ತೆಗೆಯುತ್ತಾರೆ. ಇಪ್ಪತ್ತೊಂಬತ್ತು ವರ್ಷ ಮಾಡಿದ ಕೆಲಸ.

"ಮೊದಮೊದಲು ಗಾಜಿಗೆ ಪಾಚಿ ಕಟ್ಟಿದೆ ಅಂದ್ಕೊಂಡೆ ಅತ್ತೆ. ದಿನಾ ಉಜ್ಜಿದೆ."

ಜಯಲಕ್ಷ್ಮಮ್ಮ ದನಿ ಗಟ್ಟಿಮಾಡಿಕೊಂಡು, "ನಾಳೆ ರಜಾ ಹಾಕಿ. ಡಾಕ್ಟ್ರ ಹತ್ರ ನಾನೂ ಬರ್ತೀನಿ. ಪ್ರಿಯಾಗೆ ಇವತ್ತೇ ಹೇಳೋಣ, ನಾನು ಪಕ್ಕದಲ್ಲಿರ್ತೀನಿ," ಎಂದರು.

ಕಣ್ಣಿನೊಳಗಿನ ಒತ್ತಡ ಏರಿದೆ, ಹೋದ ನೋಟ ಬರುವುದಿಲ್ಲ, ದಿನಕ್ಕೆರಡು ಹೊತ್ತು ತಪ್ಪದೆ ಹನಿ ಹಾಕಿದರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಎಂದರು ಡಾಕ್ಟರು. ಶ್ರೀಪ್ರಿಯಾ ಒಂದು ದಿನ ಅತ್ತು, ಮರುದಿನ ಔಷಧಿಯ ಹೊತ್ತು ಬರೆದು ಫ್ರಿಜ್ಜಿಗೆ ಅಂಟಿಸಿದಳು. ತಿಂಗಳಾಗುವುದರೊಳಗೆ ಕಾರ್ಖಾನೆಯಲ್ಲಿ ಅವನನ್ನು ಕಡತಗಳ ವಿಭಾಗಕ್ಕೆ ಹಾಕಿದರು. ಅಂದು ಸಂಜೀವ ಊಟ ಬಿಟ್ಟು ತೊಟ್ಟಿಯ ಮುಂದೆ ಕೂತ. ಜಯಲಕ್ಷ್ಮಮ್ಮ ಮೊಸರನ್ನ ಕಲಸಿ ತಂದಿಟ್ಟು, ಅವನು ಉಣ್ಣುವ ತನಕ ಪಕ್ಕದಲ್ಲೇ ಕೂತಿದ್ದರು.

ಸಂಜೆಯ ಹನಿ ಅವರ ಪಾಲಿಗೆ ಬಂತು. ತಾನೇ ಹಾಕಿಕೊಂಡರೆ ಸಂಜೀವನ ಗುರಿ ತಪ್ಪಿ ಹನಿ ಕೆನ್ನೆಗೆ ಬೀಳುತ್ತಿತ್ತು. ಅವನು ಕುರ್ಚಿಗೆ ತಲೆಯಾನಿಸುವುದು, ಅವರು ರೆಪ್ಪೆ ಕೆಳಗೆಳೆದು ಹನಿ ಬಿಡುವುದು. ಮೊದಮೊದಲು ಇಬ್ಬರಿಗೂ ಸಂಕೋಚ. ಹನಿ ಬಿದ್ದ ಮೇಲೆ ಎರಡು ನಿಮಿಷ ಕಣ್ಣು ಮುಚ್ಚಿರಬೇಕಲ್ಲ, ಆ ಹೊತ್ತು ತುಂಬಲು ಅವರು ಮೀನುಗಳು ಏನು ಮಾಡುತ್ತಿವೆಯೆಂದು ಹೇಳತೊಡಗಿದರು.

ಒಂದು ಶುಕ್ರವಾರ ಹೇಳುತ್ತ ಹೇಳುತ್ತ ತೊಟ್ಟಿಯತ್ತ ಬಗ್ಗಿದರು. "ಬಿಳೀದು ಅಗಲ ಎಲೆ ಬಿಟ್ಟು ಹೋಗ್ತಾನೇ ಇಲ್ಲ. ರೆಕ್ಕೆ ಬೀಸ್ತಿದೆ. ಎಲೆ ಮೇಲೆ ಏನೋ, ರವೆ ಸಾಲಾಗಿ ಅಂಟಿಸಿದ ಹಾಗಿದೆ."

"ಅತ್ತೆ, ಅದು ಮೊಟ್ಟೆ." ಸಂಜೀವ ಏಳಲು ಹೋದ.

ಜಯಲಕ್ಷ್ಮಮ್ಮ ಅವನ ಕಣ್ಣುಗಳ ಮೇಲೆ ಅಂಗೈ ಮುಚ್ಚಿದರು.

"ಎರಡು ನಿಮಿಷ ಆಗಿಲ್ಲ, ಕೂತ್ಕೊಳ್ಳಿ. ನಾನು ಎಣಿಸಿ ಹೇಳ್ತೀನಿ."