ತಳದಲ್ಲುಳಿದ ಮದ್ದು

ತೋಟಾಗೆ ಮದ್ದು ತುಂಬುವ ಅಳತೆ ಯಂತ್ರದ ಬಟ್ಟಲನ್ನು ಡಬ್ಬಿಗೆ ಬಗ್ಗಿಸುತ್ತಿದ್ದ ವೆಂಡೆಲ್‌ನ ಕೈ ಅಲ್ಲೇ ನಿಂತಿತು. ಕಡ್ಡಿಚೂರಿನಂಥ ಕೋವಿಮದ್ದಿನ ನಡುವೆ ಚಪ್ಪಟೆ ಬಿಲ್ಲೆಗಳು. ಕೋವಿಮದ್ದಿಗಿಂತ ಎಷ್ಟೋ ಬೇಗ ಉರಿಯುವ ಪಿಸ್ತೂಲಿನ ಮದ್ದು! ಮೊನ್ನೆಯದು ತಳದಲ್ಲಿ ಉಳಿದಿತ್ತು. ನೋಡದೆ ಅದರ ಮೇಲೇ ಕೋವಿಮದ್ದು ಸುರಿದು, ತಂಗಿ ಆರ್ಡಿಸ್‌ಗೆ ಹನ್ನೆರಡು ತೋಟಾ ತುಂಬಿ ಕೊಟ್ಟಿದ್ದ. ಮೊದಲು ತುಂಬಿದ ತೋಟಾಕ್ಕೆ ಬರೀ ಇದೇ ಹೋಗಿದ್ದರೆ, ಟ್ರಿಗರ್ ಎಳೆದ ಕ್ಷಣ ಕೋವಿ ಅವಳ ಮುಖದ ಹತ್ತಿರವೇ ಸಿಡಿಯುತ್ತದೆ.

ಅವಳು ನಸುಕಿನಲ್ಲೇ ಬೆಟ್ಟಕ್ಕೆ ಹೋಗಿಯಾಗಿತ್ತು. ಕಾಡುಟಗರು ಬೇಟೆಯ ಪರವಾನಗಿಗೆ ಇಪ್ಪತ್ತೆರಡು ವರ್ಷ ಅರ್ಜಿ ಹಾಕಿದ ಮೇಲೆ ಈ ಸಲ ಚೀಟಿ ಎತ್ತಿದಾಗ ಅವಳ ಹೆಸರು ಬಂದಿತ್ತು. ಅಲ್ಲಿ ಫೋನ್ ಸಿಗುವುದಿಲ್ಲ. ತೋಟಾ ಕಳಚುವ ಸಾಮಾನಿನ ಚೀಲ ಎತ್ತಿಕೊಂಡು ವೆಂಡೆಲ್ ಗಾಡಿಗೆ ಓಡಿದ.

ಮಣ್ಣುದಾರಿ ಮುಗಿಯುವಲ್ಲಿ ಅವಳ ಗಾಡಿ ನಿಂತಿತ್ತು. ದುರ್ಬೀನು ಹಿಡಿದು ಬೆಟ್ಟವನ್ನೆಲ್ಲ ಹುಡುಕಿದ. ಬಂಡೆಯೊಂದರ ಮೇಲೆ ಆರ್ಡಿಸ್ ಬೋರಲು ಮಲಗಿದ್ದಳು, ಕೆನ್ನೆ ಕೋವಿಗೆ ಒತ್ತಿತ್ತು. ಅವಳೆದುರಿನ ಇಳಿಜಾರಿನಲ್ಲಿ ಸುರುಳಿಕೊಂಬಿನ ಟಗರು ಅಡ್ಡಲಾಗಿ ನಿಂತಿತ್ತು. ಕೂಗಿದರೆ ಕೇಳುವಷ್ಟು ಹತ್ತಿರವಿರಲಿಲ್ಲ. ಅವನು ಹಾರನ್ ಒತ್ತಿದ. ಒತ್ತಿದ ಕೈ ತೆಗೆಯಲೇ ಇಲ್ಲ.

ಟಗರು ಒಂದೇ ನೆಗೆತಕ್ಕೆ ಮರೆಯಾಯಿತು. ಅರ್ಧ ಗಂಟೆಯಲ್ಲಿ ಆರ್ಡಿಸ್ ಕೆಂಡವಾಗಿ ಇಳಿದು ಬಂದಳು.

"ತಲೆ ಕೆಟ್ಟಿದೆಯೇನೋ ನಿಂಗೆ? ಇಪ್ಪತ್ತೆರಡು ವರ್ಷ ಕಾದಿದ್ದೆ ಕಣೋ!"

"ಮೊದ್ಲು ತೋಟಾ ಎಲ್ಲ ಈಚೆ ತೆಗಿ."

"ಯಾಕೆ?"

"ಮದ್ದು ಬೆರಕೆಯಾಗಿದೆ. ತಪ್ಪು ನಂದೇ."

ಆರ್ಡಿಸ್ ಕೋವಿಯ ನಳಿಗೆಗೆ ಏರಿಸಿದ್ದನ್ನು ತೆಗೆದು ಬೇರೆಯೇ ಇಟ್ಟಳು. ಉಳಿದ ಹನ್ನೊಂದರ ಗುಂಡುಗಳನ್ನು ವೆಂಡೆಲ್ ಒಂದೊಂದಾಗಿ ಕಳಚಿ ಮದ್ದನ್ನು ಕಾಗದದ ಮೇಲೆ ಸುರಿದ. ಕಡ್ಡಿಚೂರು, ಮತ್ತೆ ಕಡ್ಡಿಚೂರು. ಹನ್ನೊಂದರಲ್ಲೂ ಅದೇ.

"ಸುಮ್‌ಸುಮ್ನೆ ನನ್ನ ಟಗರು ಓಡಿಸ್ದೆ ಅನ್ನು," ಎಂದಳು.

ಅವನು ಕೋವಿಯಲ್ಲಿದ್ದ ಆ ಕೊನೆಯದನ್ನು ಕಳಚಿದ. ಕಾಗದದ ಮೇಲೆ ಬಿದ್ದದ್ದು ಬರೀ ಬಿಲ್ಲೆಗಳು.

ಆರ್ಡಿಸ್‌ಳ ಕೈ ತಾನಾಗಿಯೇ ಅವಳ ಕೆನ್ನೆಗೆ ಹೋಯಿತು.

"ಪರವಾನಗಿಗೆ ಇನ್ನೂ ಮೂರು ದಿನ ಇದೆ," ವೆಂಡೆಲ್ ತಡವರಿಸಿದ. "ಹೊಸದಾಗಿ ತುಂಬಿ ಕೊಡ್ತೀನಿ. ಒಂದೊಂದನ್ನೂ ತೂಗಿ..."

"ನನ್ನ ಗಾಡಿ ಹತ್ತು, ನಿಂದು ಇಲ್ಲೇ ಇರ್ಲಿ. ಊರಲ್ಲಿ ಅಂಗಡಿ ಮುಂದೆ ನಿಲ್ಲಿಸ್ತೀನಿ. ಒಂದು ಡಬ್ಬಿ ತೋಟಾ ತಗೊಂಡು ಬಾ."

ವೆಂಡೆಲ್ ಅಂಗಡಿಯ ತೋಟಾ ಮುಟ್ಟಿ ಮೂವತ್ತು ವರ್ಷವಾಗಿತ್ತು. ಬಾಗಿಲು ಎಳೆದುಕೊಂಡು ಮೆಲ್ಲಗೆ ಕೇಳಿದ, "ಯಾವುದು ತರ್ಲಿ?"

"ಯಾವುದಾದ್ರೂ ಸರಿ," ಎಂದಳು ಆರ್ಡಿಸ್. "ನಿಂದಲ್ಲದ್ದು."