ಶನಿವಾರದ ಗುರುತು

ಫೆಬ್ರವರಿಯ ಸೆಕೆ, ಸೋಮವಾರ ಬೆಳಗಿನ ಏಳು ಗಂಟೆ. ಮೊಟುಲೊವಾ ದ್ವೀಪದ ಸಣ್ಣ ಆಸ್ಪತ್ರೆಯ ಅಂಗಳ ಗುಡಿಸುತ್ತಿದ್ದ ಹೆನೆಲಿಯನ್ನು ನರ್ಸ್ ಲೊಸಾಲಿನೆ ಬಾಗಿಲಲ್ಲೇ ನಿಂತು ಕರೆದಳು. ರಾಜಧಾನಿಯಿಂದ ಡಾಕ್ಟರ ಫೋನು ಬಂದಿತ್ತು. ಶನಿವಾರ ತೆಗೆದ ಎದೆಯ ಎಕ್ಸ್‌ರೇ ಅವರಿಗೆ ತಲುಪಿಯೇ ಇರಲಿಲ್ಲ. ಅದನ್ನು ನೋಡದೆ ರೋಗಿಯನ್ನು ಹಡಗು ಹತ್ತಿಸಿ ಅನ್ನಲಾರೆ, ಬೇಡ ಅನ್ನಲೂ ಆರೆ ಎಂದಿದ್ದರು. ಹಡಗು ಹೊರಡುವುದು ಹತ್ತಕ್ಕೆ. ತಿರುಗಿ ಬರುವುದು ಇನ್ನು ಹದಿನೈದು ದಿನಕ್ಕೆ.

ರೋಗಿ ಬೇರೆ ಯಾರೂ ಅಲ್ಲ, ಹೆನೆಲಿಯ ಅಕ್ಕ ವೈಸಿಮಾ. ಜಗಲಿಯ ಆಚೆ ತುದಿಯಲ್ಲಿ ಚಾಪೆ ಹಾಸಿಕೊಂಡು ಗೋಡೆಗೆ ಒರಗಿದ್ದಳು. ಮೂರು ತಿಂಗಳಿಂದ ಕೆಮ್ಮು. ಒಂದು ವಾರದಿಂದ ಕೆಮ್ಮಿನ ಜೊತೆ ರಕ್ತ.

"ಹೆನೆಲಿ ಮಾವ, ಶನಿವಾರ ಸಂಜೆ ನೋಡಿದ್ರಲ್ಲ? ಚಿತ್ರ ಕಳಿಸೋ ಕಂಪ್ಯೂಟರು ಎದ್ದಿತ್ತು ತಾನೆ?" ಎಂದು ಲೊಸಾಲಿನೆ ಕೇಳಿದಳು.

ಹೆನೆಲಿ ಪೊರಕೆಯನ್ನು ಗೋಡೆಗೆ ಆನಿಸಿಟ್ಟ.

ಆ ಕಂಪ್ಯೂಟರಿನ ಜವಾಬ್ದಾರಿ ಹನ್ನೊಂದು ತಿಂಗಳಿಂದ ಅವನದು. ರಾಜಧಾನಿಯಿಂದ ಅದನ್ನು ಕೂರಿಸಲು ಬಂದಿದ್ದ ಇಂಜಿನಿಯರು ತಿಳಿಯುವ ಹಾಗೇ ಹೇಳಿದ್ದ. ಚಿತ್ರ ಕಳಿಸುವ ಪ್ರೋಗ್ರಾಮು ಒಳಗೊಂದು ಡಬ್ಬಿಯಲ್ಲಿ ಕೂತಿರುತ್ತದೆ, ಕಂಟೇನರ್ ಎನ್ನುತ್ತಾರೆ. ಅಂಥ ಡಬ್ಬಿಗಳನ್ನು ಎಬ್ಬಿಸಿ ನಡೆಸುವ ಸೇವೆ ಇನ್ನೊಂದು. ಸೇವೆ ಮಲಗಿದರೆ ಡಬ್ಬಿಯೂ ಮಲಗಿತು. ಕರೆಂಟು ಹೋಗಿ ಬಂದಾಗಲೆಲ್ಲ ಅದು ಮಲಗುತ್ತಿತ್ತು. ತಾನಾಗಿ ಏಳುವಂತೆ ಮಾಡಿಕೊಡುತ್ತೇನೆ ಎಂದಿದ್ದ ಇಂಜಿನಿಯರು, ಕೆಸುವಿನ ಗೆಡ್ಡೆ, ಮೀನು ಉಂಡು ಕೈ ತೊಳೆಯುವಷ್ಟರಲ್ಲಿ ಹಡಗು ಕೂಗಿತು, ಹೊರಟುಹೋದ. ಅಂದಿನಿಂದ ದಿನಾ ಸಂಜೆ ಹೆನೆಲಿ ಶಾಲೆಯ ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದ ಎರಡು ಸಾಲನ್ನು ಒಂದೇ ಬೆರಳಲ್ಲಿ ಒತ್ತಿ, ಎದ್ದಿದೆ ಎನ್ನುವ ಹಸಿರು ಅಕ್ಷರ ಬಂತೇ ಎಂದು ನೋಡಿ, ತಾರೀಖಿನ ಮುಂದೆ ಟಿಕ್ ಹಾಕುತ್ತಿದ್ದ.

ಶನಿವಾರ ಮಧ್ಯಾಹ್ನವೂ ಕರೆಂಟು ಹೋಗಿ ಬಂದಿತ್ತು. ಆಮೇಲೆ ಲೊಸಾಲಿನೆ ಎಕ್ಸ್‌ರೇ ತೆಗೆದು, ಕಳಿಸುವ ಗುಂಡಿ ಒತ್ತಿ, ಹೆರಿಗೆಯೆಂದು ಆಚೆ ಕೇರಿಗೆ ಓಡಿದ್ದಳು. ಸಂಜೆ ಹೆನೆಲಿ ಬಂದು ಕೂತರೆ ಪರದೆಯ ತುಂಬ ಕಪ್ಪಿನೊಳಗೆ ಬೆಳ್ಳಗೆ ಪಕ್ಕೆಲುಬು. ಕೆಳಗೆ ಅಕ್ಕನ ಹೆಸರು. ಈ ದ್ವೀಪಗಳಲ್ಲಿ ಗಂಡುಹುಡುಗನಿಗೆ ಹತ್ತು ತುಂಬಿತೆಂದರೆ ಅಕ್ಕತಂಗಿಯರಿದ್ದ ಸೂರಿನಡಿ ಮಲಗುವುದಿಲ್ಲ, ಅವರೆದುರು ಕೂತು ಹರಟುವುದಿಲ್ಲ. ಅಕ್ಕ ಮುಂಬಾಗಿಲಲ್ಲಿ ಬಂದರೆ ತಮ್ಮ ಹಿಂಬಾಗಿಲಲ್ಲಿ ಹೋಗಬೇಕು. ಐವತ್ತೈದು ವರ್ಷ ಹಾಗೆ ನಡೆದವನು ಹೆನೆಲಿ. ಅವಳ ಮುಖವನ್ನೇ ನೆಟ್ಟಗೆ ನೋಡದವನು ಎದೆಯ ಒಳಗನ್ನು ನೋಡುವುದುಂಟೇ? ಹೆಗಲ ಮೇಲಿನ ಟವೆಲನ್ನು ಪರದೆಯ ಮೇಲೆ ಎಸೆದು, ತಡವರಿಸಿ ಪರದೆಯ ಸ್ವಿಚ್ಚು ಆರಿಸಿದ. ಎರಡು ಸಾಲನ್ನು ಒತ್ತದೆಯೇ, ಹೋಗುವಾಗ ರೂಢಿಯಂತೆ ಟಿಕ್ ಹಾಕಿದ. ಮರುದಿನ ಭಾನುವಾರ, ಭಾನುವಾರ ಇಲ್ಲಿ ಯಾರೂ ಕೆಲಸ ಮುಟ್ಟುವುದಿಲ್ಲ.

ಇಷ್ಟನ್ನೂ ಗೋಡೆಗೆ ಮುಖ ಮಾಡಿ ಹೇಳಿದ. ಎರಡು ದಿನದಿಂದ ನಿದ್ದೆಯಿಲ್ಲದ ಲೊಸಾಲಿನೆ ಕಣ್ಣುಜ್ಜಿಕೊಂಡಳು.

"ನನ್ನ ಅಣ್ಣನಾಗಿದ್ರೂ ಹೀಗೇ ಮಾಡ್ತಿದ್ದ, ಮಾವ. ಆದ್ರೆ ನೋಡದೆ ಟಿಕ್ ಹಾಕ್ತಿರಲಿಲ್ಲ."

ಅವಳೇ ಒಳಗೆ ಹೋಗಿ ಚಿತ್ರ ಮುಚ್ಚಿ ಅವನನ್ನು ಕರೆದಳು. ಹೆನೆಲಿಯ ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲ ಉತ್ತರ ಬಂತು. ಹಸಿರಿಲ್ಲ. ಸೇವೆ ನಿಂತಿದ್ದರೆ ಈ ಯಂತ್ರ 'ನಿಂತಿದೆ' ಎಂದಷ್ಟೇ ಹೇಳಿ ಸುಮ್ಮನಿರುವುದಿಲ್ಲ, ಪಕ್ಕದಲ್ಲಿ 'ಸತ್ತಿದೆ' ಎಂದೂ ಬರೆಯುತ್ತದೆ. ಆ ಪದವನ್ನು ಹಿಂದೆಯೂ ಕಂಡಿದ್ದ. ಇಷ್ಟು ಹೊತ್ತು ನೋಡಿರಲಿಲ್ಲ. ಪುಸ್ತಕದ ಕೊನೆಯ ಪುಟದಲ್ಲಿದ್ದ ಎಬ್ಬಿಸುವ ಸಾಲನ್ನು ಒತ್ತಿದ. ಮತ್ತೆ ಕೇಳಿದ. ಹಸಿರು ಬಂತು. ಡಬ್ಬಿಯೂ ಎದ್ದಿತ್ತು. ಚಿತ್ರ ಮಾತ್ರ ತೊಟ್ಟಿಕ್ಕುವ ನಲ್ಲಿಯ ಹಾಗೆ ಹೋಗುತ್ತ ಒಂಬತ್ತೂವರೆ ಮಾಡಿತು.

ಡಾಕ್ಟರ ಉತ್ತರ ಎರಡೇ ಸಾಲು: ಕೂಡಲೇ ಕಳಿಸಿ. ಎರಡು ದಿನ ಯಾಕೆ ಸುಮ್ಮನಿದ್ದಿರಿ? ಕರೆಂಟು ಇರಲಿಲ್ಲ ಎಂದು ಲೊಸಾಲಿನೆ ಬರೆದಳು. ಹೆನೆಲಿ ಅದನ್ನೂ ಓದಿದ.

ಆಸ್ಪತ್ರೆಯ ಗಾಡಿ ಓಡಿಸಲು ಬೇರೆ ಯಾರೂ ಇರಲಿಲ್ಲ. ಹಿಂದೆ ಚಾಪೆ ಹಾಸಿ ಅಕ್ಕನನ್ನು ಕೂರಿಸಿ, ಲೊಸಾಲಿನೆ ಆತುಕೊಂಡು ಕೂತಳು. ಬಂದರಿನಲ್ಲಿ ಹೆನೆಲಿ ಸ್ಟೇರಿಂಗ್ ಹಿಡಿದೇ ಮುಂದೆ ನೋಡುತ್ತಿದ್ದ. ಗಂಟು ಇಟ್ಟು ಬರಲು ಲೊಸಾಲಿನೆ ಹಡಗಿನ ಕಡೆ ಹೋದಾಗ ವೈಸಿಮಾ ಗಾಡಿ ಹಿಡಿದುಕೊಂಡು ಬಂದು ಅವನ ಕಿಟಕಿಯ ಹತ್ತಿರ ನಿಂತಳು. ಇಷ್ಟು ವರ್ಷ ತಮ್ಮನಿಗೆ ಹೇಳುವುದನ್ನೆಲ್ಲ ಬೇರೆಯವರ ಬಾಯಲ್ಲೇ ಹೇಳಿಸಿದವಳು.

"ಚಿತ್ರದಲ್ಲಿ ಏನಿತ್ತು, ಹೆನೆಲಿ?"

"ನಾನು ನೋಡಲಿಲ್ಲ, ಅಕ್ಕ."

ಅವಳು ಕೆಮ್ಮು ನಿಲ್ಲುವವರೆಗೆ ಕಾದಳು. "ಗೊತ್ತಿತ್ತು. ನೋಡಬಹುದಿತ್ತು ಕಣೋ. ನಾನೇನು ಬೈತಿರಲಿಲ್ಲ."

ಹಡಗಿನಲ್ಲಿದ್ದ ಊರ ಹೆಂಗಸರು ಅವಳ ಕೈಹಿಡಿದು ಹತ್ತಿಸಿಕೊಂಡರು.

ಸಂಜೆ ಹೆನೆಲಿ ಎಂದಿನಂತೆ ಎರಡು ಸಾಲು ಒತ್ತಿದ, ಹಸಿರು ನೋಡಿದ, ಟಿಕ್ ಹಾಕಿದ. ಆಮೇಲೆ ಬೆರಳಿಗೆ ಎಂಜಲು ಹಚ್ಚಿ ಶನಿವಾರದ ಟಿಕ್ಕನ್ನು ಉಜ್ಜತೊಡಗಿದ. ಶಾಯಿ ಹರಡಿತು, ಹೋಗಲಿಲ್ಲ. ಉಜ್ಜುತ್ತಲೇ ಇದ್ದ.

ವೈಸಿಮಾ ಹಡಗು ಹತ್ತಿ ಹೋದದ್ದು ಸೋಮವಾರ. ಪುಸ್ತಕದಲ್ಲಿ ಅದಕ್ಕೆ ಹಿಂದಿನ ಶನಿವಾರ ಇರಬೇಕಾದಲ್ಲಿ ಬೆರಳು ತೂರುವಷ್ಟು ತೂತಿದೆ.